ಹಳೇ ಪಿಸಿ ರೌಟರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

"ಸಾರ್, ಕರೆಂಟ್ ಬಂದು ಅರ್ಧ ಗಂಟೆ ಆಯ್ತು. ವೈಫೈ ಫುಲ್ ತೋರಿಸ್ತಿದೆ, ಆದ್ರೆ ನೆಟ್ ಇಲ್ಲ."

ಶಿರಸಿ ಕಡೆಯ ಒಂದು ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದ್ದರು. ಅಲ್ಲಿ ಹಳೇ ಆಫೀಸ್ ಪಿಸಿಯೊಂದಕ್ಕೆ ಎರಡು ಪೋರ್ಟಿನ ನೆಟ್‌ವರ್ಕ್ ಕಾರ್ಡ್ ಹಾಕಿ, ಪಿಸಿಯನ್ನು ರೌಟರ್ ಮಾಡುವ ಒಪಿಎನ್‌ಸೆನ್ಸ್ ಎಂಬ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ಇಡೀ ಲ್ಯಾಬಿಗೆ ನೆಟ್ ಹಂಚುವ ರೌಟರ್ ಆಗಿ ಕೂರಿಸಿದ್ದು ನಾನೇ. ಒಂದೂವರೆ ವರ್ಷ ಒಂದು ದಿನವೂ ತಕರಾರು ಮಾಡದೆ ಓಡಿತ್ತು. ಹಿಂದಿನ ರಾತ್ರಿ ಮಳೆಗೆ ಮರ ಬಿದ್ದು ಕರೆಂಟ್ ಹೋಗಿತ್ತು. ಯುಪಿಎಸ್ ಒಂದು ಗಂಟೆ ತಡೆದು ಅದೂ ಮಲಗಿತ್ತು. ಬೆಳಿಗ್ಗೆ 11ಕ್ಕೆ ಕರೆಂಟ್ ಬಂತು, ನೆಟ್ ಬರಲಿಲ್ಲ.

ವೈಫೈ ಗೆರೆಗಳು ಫುಲ್ ಇವೆ ಅನ್ನುವುದರಿಂದ ರೌಟರ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದು ಗೋಡೆಯ ಮೇಲಿರುವ ಆಕ್ಸೆಸ್ ಪಾಯಿಂಟಿನ, ಅಂದರೆ ವೈಫೈ ಹರಡುವ ಡಬ್ಬಿಯ ಸಿಗ್ನಲ್. ರೌಟರ್ ಪಿಸಿ ಪೂರ್ತಿ ಆಫ್ ಆಗಿದ್ದರೂ ಗೆರೆ ಫುಲ್ಲೇ ಇರುತ್ತದೆ. ಹಾಗಾಗಿ ಒಂದು ಮಾನಿಟರ್ ಬಿಚ್ಚಿ ರೌಟರ್ ಪಿಸಿಗೆ ಹಾಕಿ ನೋಡಿ ಎಂದೆ.

"ಏನೋ ಇಂಗ್ಲಿಷಲ್ಲಿ ಬಂದಿದೆ ಸಾರ್. ಡೇಟ್ ಟೈಮ್ ಸೆಟ್ ಆಗಿಲ್ಲ, ಕೀಬೋರ್ಡ್ ಇಲ್ಲ, ಎಫ್1 ಒತ್ತಿ ಅಂತ."

ಪಕ್ಕದ ಸಿಸ್ಟಂನಿಂದ ಕೀಬೋರ್ಡ್ ತಂದು ಎಫ್1 ಒತ್ತಿದರು. ಎರಡು ನಿಮಿಷದಲ್ಲಿ ರೌಟರ್ ಮೇಲೆದ್ದಿತು. ಲ್ಯಾಬಿನ ಕಂಪ್ಯೂಟರ್‌ಗಳಿಗೆ ಐಪಿ ಅಡ್ರೆಸ್ ಬಂತು. ಆದರೂ ಒಂದು ವೆಬ್‌ಸೈಟೂ ತೆರೆಯಲಿಲ್ಲ.

ರೌಟರಿನ ಪರದೆ ಮೇಲೆ ಬರುವ ಮೆನುವಿನಲ್ಲಿ 7 ಒತ್ತಿದರೆ ಪಿಂಗ್ ಮಾಡಬಹುದು, ಅಂದರೆ ಒಂದು ಅಡ್ರೆಸ್ಸಿಗೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಬಹುದು. ಗೂಗಲ್‌ನ 8.8.8.8 ಕೊಟ್ಟರು, ಉತ್ತರ ಬಂತು. ಅಂದರೆ ಲೈನ್ ಇದೆ, ದಾರಿ ಇದೆ. ಮತ್ತೆ 7 ಒತ್ತಿ ಒಂದು ವೆಬ್‌ಸೈಟಿನ ಹೆಸರು ಕೊಟ್ಟರು. ಹೆಸರು ಸಿಗುತ್ತಿಲ್ಲ ಎಂದಿತು. ಆಮೇಲೆ 8 ಒತ್ತಿ ಶೆಲ್‌ಗೆ, ಅಂದರೆ ಆಜ್ಞೆ ಟೈಪ್ ಮಾಡುವ ಜಾಗಕ್ಕೆ ಹೋಗಿ ‘ಡೇಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ ಎಂದೆ.

"2012, ಜನವರಿ 1 ಅಂತಿದೆ ಸಾರ್."

ಅಲ್ಲಿಗೆ ಗೊತ್ತಾಯಿತು. ರೌಟರ್ ಸರಿ ಇದೆ, ಫೈಬರ್ ಸರಿ ಇದೆ. ಸತ್ತಿರುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ.

ಈ ಒಂದು ಬ್ಯಾಟರಿ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಿಸಿಯನ್ನು ರೌಟರ್ ಮಾಡಿಕೊಂಡವರಲ್ಲಿ ಎಷ್ಟೋ ಜನ ಇಂಥ ದಿನ ಫೈರ್‌ವಾಲ್ ರೂಲ್ (ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಎನ್ನುವ ನಿಯಮ) ಬದಲಿಸುತ್ತಾ ಕೂರುತ್ತಾರೆ. ನನ್ನ ಅನುಭವದಲ್ಲಿ ಪಿಸಿ ರೌಟರಿನ ತೊಂದರೆಗಳಲ್ಲಿ ಹೆಚ್ಚಿನವು ‘ರೌಟರ್’ ಕಡೆಯವಲ್ಲ, ‘ಹಳೇ ಪಿಸಿ’ ಕಡೆಯವು. ಮೊದಲು ಅದನ್ನು ಒಂದು ವಯಸ್ಸಾದ ಕಂಪ್ಯೂಟರ್ ಎಂದು ನೋಡಿ. ಆಮೇಲೆ ರೌಟರ್ ಎಂದು ನೋಡಿ.

ಒಂದು ಬ್ಯಾಟರಿ, ಮೂರು ಕಾಯಿಲೆ

ಆ ಬ್ಯಾಟರಿಯ ಹೆಸರು ಸಿಆರ್2032. 3 ವೋಲ್ಟ್. ಪಿಸಿಗೆ ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು, ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಕಾಪಾಡುವುದು ಅದರ ಕೆಲಸ. ಪಿಸಿ ಪ್ಲಗ್ಗಿನಲ್ಲಿ ಇರುವಷ್ಟು ಕಾಲ ಗಡಿಯಾರಕ್ಕೆ ಪವರ್ ಸಪ್ಲೈಯಿಂದಲೇ ಕರೆಂಟ್ ಸಿಗುತ್ತದೆ. ಹಾಗಾಗಿ ದಿನವಿಡೀ ಓಡುವ ರೌಟರಿನಲ್ಲಿ ಬ್ಯಾಟರಿ ಸತ್ತು ತಿಂಗಳುಗಳಾದರೂ ಯಾರಿಗೂ ಗೊತ್ತಾಗುವುದಿಲ್ಲ. ಯುಪಿಎಸ್ ಕೂಡ ಕೈಬಿಟ್ಟ ಮೊದಲ ದೊಡ್ಡ ಪವರ್ ಕಟ್ ದಿನ ಎಲ್ಲವೂ ಒಟ್ಟಿಗೆ ಹೊರಬೀಳುತ್ತದೆ.

ಮೊದಲನೆಯದು: ಕರೆಂಟ್ ಬಂದರೂ ಪಿಸಿ ತಾನಾಗಿ ಆನ್ ಆಗುವುದಿಲ್ಲ. ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಎಂಬ ಸೆಟ್ಟಿಂಗ್ ಬಯೋಸ್‌ನಲ್ಲಿ ಇರುತ್ತದೆ. ನೀವು ಅದನ್ನು ‘ಆನ್’ಗೆ ಇಟ್ಟಿರುತ್ತೀರಿ. ಬ್ಯಾಟರಿ ಸತ್ತರೆ ಬಯೋಸ್ ಕಂಪನಿ ಸೆಟ್ಟಿಂಗ್‌ಗೆ ಮರಳುತ್ತದೆ, ಅದು ಸಾಮಾನ್ಯವಾಗಿ ‘ಆಫ್’.

ಎರಡನೆಯದು ಮೇಡಂ ಕಂಡದ್ದು. ಎಫ್1 ಒತ್ತು ಎಂದು ಪಿಸಿ ಕಾಯುತ್ತಾ ನಿಲ್ಲುತ್ತದೆ. ಮೂಲೆಯಲ್ಲಿರುವ ರೌಟರಿಗೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಆದ್ದರಿಂದ ಆನ್ ಆಗಿದೆ ಎಂದೇ ಎಲ್ಲರೂ ನಂಬುತ್ತಾರೆ. ಬಯೋಸ್‌ನಲ್ಲಿ ತಪ್ಪು ಕಂಡರೆ ನಿಲ್ಲಬೇಕೇ ಎಂದು ಕೇಳುವ ಸೆಟ್ಟಿಂಗ್ ಒಂದಿದೆ. ಅದನ್ನು ‘ಯಾವುದಕ್ಕೂ ನಿಲ್ಲಬೇಡ’ ಎಂದು ಮಾಡಿ. ಕೆಲವು ಬೋರ್ಡಿನಲ್ಲಿ ಕೀಬೋರ್ಡ್ ಮಾತ್ರ ಬಿಡು ಎಂಬ ಆಯ್ಕೆ ಇರುತ್ತದೆ, ಅದೂ ಆಗುತ್ತದೆ.

ಮೂರನೆಯದು ನಿಜವಾಗಿ ತಲೆ ತಿನ್ನುವಂಥದ್ದು. ಒಪಿಎನ್‌ಸೆನ್ಸ್‌ನಲ್ಲಿ ವೆಬ್‌ಸೈಟ್ ಹೆಸರನ್ನು ಐಪಿ ನಂಬರಿಗೆ ತಿರುಗಿಸುವ ಕೆಲಸ ಅನ್‌ಬೌಂಡ್ ಎಂಬ ಪ್ರೋಗ್ರಾಂ ಮಾಡುತ್ತದೆ. ಅದರಲ್ಲಿ ನಾನು ಡಿಎನ್‌ಎಸ್‌ಸೆಕ್ ಆನ್ ಮಾಡಿದ್ದೆ. ಹೆಸರಿಗೆ ಸಿಕ್ಕ ಉತ್ತರ ನಿಜವಾದದ್ದೇ ಎಂದು ಸಹಿ ನೋಡಿ ಖಾತ್ರಿ ಮಾಡುವ ವ್ಯವಸ್ಥೆ ಅದು. 2010ರ ಜುಲೈನಿಂದ ಇಂಟರ್ನೆಟ್ಟಿನ ಎಲ್ಲ ಹೆಸರುಗಳಿಗೆ ಬುಡವಾದ ರೂಟ್ ಜೋನ್‌ನಲ್ಲೇ ಈ ಸಹಿ ಇದೆ. ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ರೌಟರಿನ ಗಡಿಯಾರ 2012 ಎನ್ನುತ್ತಿದ್ದರೆ, ಈ ವರ್ಷದ ಸಹಿಗಳೆಲ್ಲ ಅದರ ಕಣ್ಣಿಗೆ ಇನ್ನೂ ಹುಟ್ಟೇ ಇಲ್ಲ. ಸಹಿ ಒಪ್ಪುವುದಿಲ್ಲ, ಉತ್ತರ ಕೊಡುವುದಿಲ್ಲ.

ಟೈಮ್ ತಾನಾಗಿ ಸರಿ ಆಗಬೇಕಲ್ವಾ ಎಂದು ನೀವು ಕೇಳಬಹುದು. ರೌಟರ್ ಟೈಮ್ ಸರ್ವರನ್ನು ಕೇಳಿ ಗಡಿಯಾರ ತಿದ್ದಿಕೊಳ್ಳಬೇಕು. ಆದರೆ ಟೈಮ್ ಸರ್ವರ್ ಬರೆದಿರುವುದು ಹೆಸರಿನಲ್ಲಿ. ಹೆಸರು ಸಿಗಬೇಕಾದರೆ ಟೈಮ್ ಸರಿ ಇರಬೇಕು. ಟೈಮ್ ಸರಿ ಆಗಬೇಕಾದರೆ ಹೆಸರು ಸಿಗಬೇಕು. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಹಾಗೆ ಎರಡೂ ಒಂದಕ್ಕೊಂದು ಕಾಯುತ್ತಾ ನಿಲ್ಲುತ್ತವೆ. ಫೋನುಗಳು, ಲ್ಯಾಪ್‌ಟಾಪ್‌ಗಳು ತಮ್ಮ ಗಡಿಯಾರವನ್ನು ತಾವೇ ಸರಿ ಇಟ್ಟುಕೊಂಡಿರುವುದರಿಂದ ಯಾರಿಗೂ ಟೈಮ್ ಮೇಲೆ ಅನುಮಾನವೇ ಬರುವುದಿಲ್ಲ.

ತಕ್ಷಣದ ಉಪಾಯ ಸುಲಭ. ಶೆಲ್‌ನಲ್ಲಿ ‘ಡೇಟ್’ ಬರೆದು, ಒಂದು ಜಾಗ ಬಿಟ್ಟು, ವರ್ಷ, ತಿಂಗಳು, ದಿನ, ಗಂಟೆ, ನಿಮಿಷವನ್ನು ಒಂದೇ ಸಾಲಾಗಿ ಹೊಡೆಯಿರಿ. 2025ರ ಜುಲೈ 14, ಬೆಳಿಗ್ಗೆ ಹನ್ನೊಂದೂವರೆ ಎಂದರೆ 202507141130. ಶೆಲ್ ಬಿಟ್ಟು ಬಂದು ಮೆನುವಿನಲ್ಲಿ 11 ಒತ್ತಿ, ಸರ್ವಿಸ್‌ಗಳೆಲ್ಲ ಮತ್ತೆ ಶುರುವಾಗುತ್ತವೆ. ಮೇಡಂ ಇಷ್ಟು ಮಾಡಿದರು. ಫೋನಿನಲ್ಲೇ ಹಿಂದುಗಡೆ ಮಕ್ಕಳು "ಬಂತು ಬಂತು" ಎಂದು ಕೂಗಿದ್ದು ಕೇಳಿಸಿತು.

ಖಾಯಂ ಉಪಾಯ ಎರಡು. ಟೈಮ್ ಸರ್ವರ್ ಪಟ್ಟಿಯಲ್ಲಿ ಒಂದನ್ನಾದರೂ ನಂಬರಿನಲ್ಲೇ ಬರೆಯಿರಿ. ಕ್ಲೌಡ್‌ಫ್ಲೇರ್‌ನ ಟೈಮ್ ಸರ್ವರ್ 162.159.200.1 ಹಾಕಬಹುದು. ಇನ್ನೊಂದು, ಬ್ಯಾಟರಿ ಬದಲಿಸಿ. ಮುಂದಿನ ಭಾನುವಾರ ಹೋಗಿ ಕ್ಯಾಬಿನೆಟ್ ತೆಗೆದೆ. ಬ್ಯಾಟರಿ ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಕೂತಿತ್ತು. ಮಲ್ಟಿಮೀಟರ್ ಇಟ್ಟರೆ 1.9 ವೋಲ್ಟ್. ಪಕ್ಕದ ಚಿಕ್ಕ ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಹಳೇದು ಪುಟಕ್ಕನೆ ಮೇಲೆ ಬರುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಒತ್ತಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬಯೋಸ್ ಸೆಟ್ಟಿಂಗ್‌ಗಳನ್ನು ಮತ್ತೆ ಒಂದೊಂದಾಗಿ ಹಾಕುವುದು ಮರೆಯಬೇಡಿ. ಹಳೇ ಪಿಸಿಯನ್ನು ರೌಟರ್ ಮಾಡಲು ಹೊರಟಿದ್ದರೆ ಮೊದಲ ದಿನವೇ ಈ ಬ್ಯಾಟರಿ ಬದಲಿಸಿಬಿಡಿ.

ಹುಡುಕುವ ಸಾಲು

ಬೇರೆ ಯಾವ ತೊಂದರೆ ಬಂದರೂ ನಾನು ಹೋಗುವ ದಾರಿ ಒಂದೇ. ನೀರಿನ ಪೈಪ್ ಎಲ್ಲಿ ಕಟ್ಟಿದೆ ಎಂದು ಟ್ಯಾಂಕಿನಿಂದ ನಲ್ಲಿವರೆಗೆ ನೋಡುತ್ತಾ ಬರುವ ಹಾಗೆ.

ರೌಟರಿನ ಪರದೆಯಿಂದ 8.8.8.8ಕ್ಕೆ ಪಿಂಗ್ ಹೋಗುತ್ತದೆಯೇ? ಹೋಗದಿದ್ದರೆ ತೊಂದರೆ ರೌಟರಿನಿಂದ ಆಚೆ, ಅಂದರೆ ವ್ಯಾನ್ ಪೋರ್ಟ್ (ಹೊರಗಿನ ಲೈನ್ ಬರುವ ಪೋರ್ಟ್), ಫೈಬರ್ ಮೋಡೆಮ್, ಕೇಬಲ್‌ನವರ ಕಡೆ. ಹೋಗುತ್ತದೆ, ಆದರೆ ಹೆಸರು ಸಿಗುತ್ತಿಲ್ಲ ಅಂದರೆ ಡಿಎನ್‌ಎಸ್ (ಹೆಸರನ್ನು ನಂಬರಿಗೆ ತಿರುಗಿಸುವ ವ್ಯವಸ್ಥೆ) ಅಥವಾ ಟೈಮ್. ಎರಡೂ ಸರಿ ಇದ್ದರೆ ಲ್ಯಾಬಿನ ಒಂದು ಕಂಪ್ಯೂಟರಿಗೆ ಬನ್ನಿ. ಅಲ್ಲಿಂದ ರೌಟರಿನ ಲ್ಯಾನ್ (ಒಳಗಿನ ಕಡೆಯ) ಐಪಿಗೆ ಪಿಂಗ್ ಮಾಡಿ. ಹೋಗದಿದ್ದರೆ ಕೇಬಲ್, ಸ್ವಿಚ್ ಅಥವಾ ಐಪಿ ಅಡ್ರೆಸ್ ತಪ್ಪು. ಹೋಗುತ್ತದೆ, ಹೊರಗೆ ಮಾತ್ರ ಹೋಗುತ್ತಿಲ್ಲ ಅಂದಾಗ ಮಾತ್ರ ಫೈರ್‌ವಾಲ್ ರೂಲ್ ಮತ್ತು ನ್ಯಾಟ್ (ಒಳಗಿನ ಎಲ್ಲ ಐಪಿಗಳನ್ನು ಹೊರಗೆ ಒಂದೇ ಐಪಿಯಾಗಿ ತೋರಿಸುವ ವ್ಯವಸ್ಥೆ) ಕಡೆ ಕೈ ಹಾಕಿ. ಇದಕ್ಕೆಲ್ಲ ಐದು ನಿಮಿಷ ಸಾಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗಾಬರಿಯಲ್ಲಿ ಮೂರು ಸೆಟ್ಟಿಂಗ್ ಬದಲಿಸಿ ನೆಟ್ ಬಂದರೆ, ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು.

ಹೊಸದಾಗಿ ಕೂರಿಸಿದ ದಿನವೇ ನೆಟ್ ಇಲ್ಲ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಫೈಬರ್ ಮೋಡೆಮ್‌ಗಳಲ್ಲಿ ಬಹಳಷ್ಟು 192.168.1.1 ಎಂಬ ಅಡ್ರೆಸ್ ಇಟ್ಟುಕೊಂಡೇ ಬರುತ್ತವೆ. ಒಪಿಎನ್‌ಸೆನ್ಸ್, ಅದರಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಪಿಎಫ್‌ಸೆನ್ಸ್, ಎರಡರಲ್ಲೂ ಲ್ಯಾನ್ ಅಡ್ರೆಸ್ ಮೊದಲಿಗೆ ಅದೇ 192.168.1.1. ರೌಟರಿನ ಎರಡೂ ಕಡೆ ಒಂದೇ ಬೀದಿ ಹೆಸರು ಇದ್ದಂತಾಯಿತು. ಪ್ಯಾಕೆಟ್ ಯಾವ ಕಡೆ ಕಳಿಸಬೇಕು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಪರದೆಯ ಮೆನುವಿನಲ್ಲಿ 2 ಒತ್ತಿ ಲ್ಯಾನ್ ಅಡ್ರೆಸ್ಸನ್ನು 192.168.50.1 ಅಥವಾ ಅಂಥ ಬೇರೆ ಯಾವುದಕ್ಕಾದರೂ ಬದಲಿಸಿ. ಆಗ ಲ್ಯಾನ್‌ಗೆ ಅಪ್‌ಸ್ಟ್ರೀಮ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಯಾವುದು ಎಂದು ಕೇಳುತ್ತದೆ. ಏನೂ ಕೊಡದೆ ಎಂಟರ್ ಒತ್ತಿ. ಗೇಟ್‌ವೇ ಇರಬೇಕಾದ್ದು ವ್ಯಾನ್ ಕಡೆ ಮಾತ್ರ. ಲ್ಯಾನ್‌ಗೂ ಒಂದು ಕೊಟ್ಟರೆ ರೌಟರ್ ಹೊರಗಿನ ದಾರಿಯನ್ನು ಒಳಗೆ ಹುಡುಕಬಹುದು.

ಅಡ್ರೆಸ್ ಸರಿ ಇದ್ದೂ ವ್ಯಾನ್‌ಗೆ ಐಪಿ ಬರುತ್ತಿಲ್ಲವೇ? ನಮ್ಮಲ್ಲಿ ಊರಿನ ಕೇಬಲ್‌ನವರು ಕೊಡುವ ಎಷ್ಟೋ ಕನೆಕ್ಷನ್‌ಗಳಲ್ಲಿ ಮೊದಲಿದ್ದ ರೌಟರಿನ ಮ್ಯಾಕ್ ಅಡ್ರೆಸ್ಸಿಗೇ (ನೆಟ್‌ವರ್ಕ್ ಪೋರ್ಟಿನ ಗುರುತಿನ ನಂಬರಿಗೇ) ಲೈನ್ ಕಟ್ಟಿರುತ್ತಾರೆ. ಹೊಸ ಕಾರ್ಡ್ ಕಂಡರೆ ಅವರ ಕಡೆಯಿಂದ ಉತ್ತರವೇ ಬರುವುದಿಲ್ಲ. ಹಳೇ ರೌಟರಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಆ ನಂಬರ್ ಇರುತ್ತದೆ. ಒಳಗಿನ ಮತ್ತು ವ್ಯಾನ್ ಪೋರ್ಟಿನ ನಂಬರ್ ಬೇರೆ ಇರಬಹುದು, ಬೇಕಾದ್ದು ವ್ಯಾನ್‌ನದು. ಅದನ್ನು ವ್ಯಾನ್ ಇಂಟರ್‌ಫೇಸಿನ ಮ್ಯಾಕ್ ಜಾಗದಲ್ಲಿ ತುಂಬಿ. ಇಲ್ಲದಿದ್ದರೆ ಫೋನ್ ಮಾಡಿ "ಮ್ಯಾಕ್ ರಿಲೀಸ್ ಮಾಡಿ" ಎನ್ನಿ, ಅವರಿಗೆ ಅರ್ಥ ಆಗುತ್ತದೆ.

ಪಿಪಿಪಿಒಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ) ಲೈನ್ ಆದರೆ ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿ, ಅಂದರೆ ತಾನು ರೌಟರ್ ಕೆಲಸ ಮಾಡದೆ ಲೈನನ್ನು ಹಾಗೇ ದಾಟಿಸುವಂತೆ ಇರಬೇಕು. ಕೆಲವು ಕಡೆ ವಿಎಲ್‌ಎಎನ್ ನಂಬರ್ (ಒಂದೇ ತಂತಿಯಲ್ಲಿ ಬರುವ ಲೈನ್‌ಗಳನ್ನು ಬೇರ್ಪಡಿಸುವ ಗುರುತು) ಕೂಡ ಬೇಕು. ಅದನ್ನು ಕೇಬಲ್‌ನವರನ್ನೇ ಕೇಳಿ, ಊಹಿಸಿ ಹಾಕಬೇಡಿ. ಯೂಸರ್ ನೇಮ್, ಪಾಸ್‌ವರ್ಡ್ ಎರಡು ಕಡೆ, ಅಂದರೆ ಮೋಡೆಮ್‌ನಲ್ಲೂ ಪಿಸಿಯಲ್ಲೂ ಇದ್ದರೆ ಒಂದು ಲಾಗಿನ್ ಇನ್ನೊಂದನ್ನು ತಳ್ಳುತ್ತಾ ಇರುತ್ತದೆ. ಮೋಡೆಮ್‌ನಿಂದ ಅಳಿಸಿಬಿಡಿ.

ವ್ಯಾನ್‌ಗೆ 100.64ರಿಂದ 100.127ರವರೆಗಿನ ಯಾವುದಾದರೂ ಐಪಿ ಬಂದಿದ್ದರೆ ಗಾಬರಿ ಬೇಡ. ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಲು ಕಂಪನಿಗಳಿಗೆಂದೇ 2012ರಲ್ಲಿ ಎತ್ತಿಟ್ಟ ಅಡ್ರೆಸ್‌ಗಳು ಅವು. ನೆಟ್ ನೋಡಲು ಏನೂ ತೊಂದರೆ ಇಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕೆಂದು ಪೋರ್ಟ್ ಫಾರ್ವರ್ಡ್ ಮಾಡಿದರೆ ಮಾತ್ರ ಅದು ಎಂದಿಗೂ ಕೆಲಸ ಮಾಡುವುದಿಲ್ಲ. ಅದಕ್ಕಾಗಿ ರೂಲ್ ತಿದ್ದುತ್ತಾ ರಾತ್ರಿ ಕಳೆಯಬೇಡಿ.

ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ

ನೆಟ್ ಬರದ ಕಂಪ್ಯೂಟರಿನ ಐಪಿ ನೋಡಿ. 169.254 ಎಂದು ಶುರುವಾದರೆ ಅದಕ್ಕೆ ಯಾರೂ ಅಡ್ರೆಸ್ ಕೊಟ್ಟಿಲ್ಲ, ತಾನೇ ಒಂದು ಇಟ್ಟುಕೊಂಡಿದೆ. ಕೇಬಲ್ ಅಥವಾ ಸ್ವಿಚ್ ನೋಡಿ. ನಿಮ್ಮ ಸರಣಿ 192.168.50 ಆಗಿದ್ದು, ಅಲ್ಲಿ 192.168.0 ಅಂತ ಬಂದಿದ್ದರೆ ಒಳಗೆ ಇನ್ನೊಬ್ಬ ಅಡ್ರೆಸ್ ಹಂಚುವವನು ಕೂತಿದ್ದಾನೆ. ನೂರಕ್ಕೆ ತೊಂಬತ್ತು ಪಾಲು ಅದು ಆಕ್ಸೆಸ್ ಪಾಯಿಂಟ್ ಆಗಿ ಬಳಸಿದ ಹಳೇ ವೈಫೈ ರೌಟರ್. ಅದರ ಡಿಎಚ್‌ಸಿಪಿ, ಅಂದರೆ ಅಡ್ರೆಸ್ ಹಂಚುವ ಕೆಲಸ, ಆಫ್ ಮಾಡಿ. ಅದರ ಐಪಿಯನ್ನು ನಿಮ್ಮ ಸರಣಿಗೆ ತನ್ನಿ, 192.168.50.2 ಎಂದಿಟ್ಟುಕೊಳ್ಳಿ. ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿ. ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಬಿಡಿ.

ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಅಡ್ರೆಸ್ ಸಿಗುವುದರಿಂದ ಈ ತೊಂದರೆ ಬಂದು ಹೋಗುತ್ತಾ ಇರುತ್ತದೆ. ಇವತ್ತು ಈ ಸಿಸ್ಟಂಗೆ, ನಾಳೆ ಇನ್ನೊಂದಕ್ಕೆ. ಅದಕ್ಕೇ ಜನ ವೈರಸ್ ಎಂದುಕೊಳ್ಳುತ್ತಾರೆ.

ಮೂರನೇ ಕಾರ್ಡ್ ಹಾಕಿ ಹೊಸ ಇಂಟರ್‌ಫೇಸ್ ಮಾಡಿದ್ದು, ಅಲ್ಲಿ ಐಪಿ ಬರುತ್ತದೆ ಆದರೆ ನೆಟ್ ಇಲ್ಲ ಅಂದರೆ ಕಾರಣ ಬೇರೆ. ಲ್ಯಾನ್‌ಗೆ ಮಾತ್ರ ‘ಎಲ್ಲ ಬಿಡು’ ಎಂಬ ರೂಲ್ ಮೊದಲೇ ಇರುತ್ತದೆ. ಹೊಸ ಇಂಟರ್‌ಫೇಸಿಗೆ ಒಂದೂ ರೂಲ್ ಇರುವುದಿಲ್ಲ, ರೂಲ್ ಇಲ್ಲ ಅಂದರೆ ಎಲ್ಲ ಬಂದ್. ನೀವೇ ಬರೆಯಬೇಕು.

94ರಲ್ಲಿ ನಿಂತ ಸ್ಪೀಡ್

ಪ್ಲಾನ್ 200 ಅಥವಾ 300 ಎಂಬಿಪಿಎಸ್. ಎಷ್ಟು ಸಲ ಅಳೆದರೂ 93, 94. ಈ ನಂಬರ್ ಕಂಡರೆ ಕಂಪನಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಕೇಬಲ್ ನೋಡಿ. 100 ಎಂಬಿಪಿಎಸ್ ಲಿಂಕಿನಲ್ಲಿ ಹೆಡರ್‌ಗಳ ಭಾರ ಕಳೆದು ಕೈಗೆ ಸಿಗುವುದು ಸುಮಾರು ಅಷ್ಟೇ. ಅಂದರೆ ಎಲ್ಲೋ ಒಂದು ಕೊಂಡಿ ಗಿಗಾಬಿಟ್‌ನಿಂದ 100ಕ್ಕೆ ಇಳಿದಿದೆ.

ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ತುಂಡಾದರೂ ಕೆಲವು ಕಾರ್ಡ್‌ಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಇನ್ನು ಕೆಲವು ಲಿಂಕ್ ಹಿಡಿಯಲಾಗದೆ ಲೈಟ್ ಹತ್ತಿಸಿ ಆರಿಸುತ್ತಾ ಇರುತ್ತವೆ. ರೌಟರಿನ ಇಂಟರ್‌ಫೇಸ್ ಓವರ್‌ವ್ಯೂ ಪುಟದಲ್ಲಿ ಪ್ರತಿ ಪೋರ್ಟಿನ ವೇಗ 100 ಅಥವಾ 1000 ಎಂದು ಬರೆದಿರುತ್ತದೆ. 100 ಎಂದಿರುವ ಕಡೆಯ ಕೇಬಲ್ ಬದಲಿಸಿ.

ನನಗೆ ಸಿಕ್ಕ ಒಂದು ಕೇಬಲ್ ಕಿಟಕಿ ಸಂದಿನಲ್ಲಿ ಹಾದು ಬಂದಿತ್ತು. ಮೇಲಿನ ಪ್ಲಾಸ್ಟಿಕ್ ಮೇಲೆ ಕಿಟಕಿ ಒತ್ತಿದ ಗೆರೆ ಬಿಟ್ಟರೆ ಏನೂ ಇಲ್ಲ. ಸೀಳಿ ನೋಡಿದರೆ ಒಳಗೆ ಕಂದು ತಂತಿ ಎರಡು ತುಂಡಾಗಿ, ತುದಿ ಬೆಳ್ಳಗೆ ಹೊಳೆಯುತ್ತಿತ್ತು. ತಾಮ್ರ ಹಾಗೆ ಹೊಳೆಯುವುದಿಲ್ಲ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಇರುತ್ತದೆ, ನಾಲ್ಕು ಸಲ ಬಗ್ಗಿದರೆ ಮುರಿಯುತ್ತದೆ. ಪೂರ್ತಿ ತಾಮ್ರದ ಕೇಬಲ್ ಕೇಳಿ ತೆಗೆದುಕೊಳ್ಳಿ. ಪಿಸಿಯಲ್ಲಿ ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ಇಲ್ಲಿ ಹಾಕಿದರೆ ನಷ್ಟ ಇಲ್ಲ.

ಲಿಂಕ್ 1000 ಇದ್ದೂ ವೇಗ ಬರದಿದ್ದರೆ ಕಾರ್ಡ್ ಎಲ್ಲಿ ಕೂತಿದೆ ನೋಡಿ. ಹಳೇ ಬಿಳಿ ಪಿಸಿಐ ಸ್ಲಾಟಿನ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್. ಒಳಗೆ ಬರುವುದು, ಹೊರಗೆ ಹೋಗುವುದು, ಎರಡು ಕಾರ್ಡ್ ಇದ್ದರೆ ಎರಡೂ ಅದನ್ನೇ ಹಂಚಿಕೊಳ್ಳಬೇಕು. ಯುಎಸ್‌ಬಿ 2.0 ಅಡಾಪ್ಟರ್ ಆದರೂ ಅಷ್ಟೇ, 480 ಎಂಬಿಪಿಎಸ್ ಎಂಬುದು ಕಾಗದದ ಮೇಲಿನ ಲೆಕ್ಕ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಎರಡು ಪೋರ್ಟಿನ ಇಂಟೆಲ್ ಚಿಪ್ ಕಾರ್ಡ್ ಹಾಕಿ. ಹಳೇ ಸರ್ವರ್‌ಗಳಿಂದ ಬಿಚ್ಚಿದವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಒಪಿಎನ್‌ಸೆನ್ಸ್, ಪಿಎಫ್‌ಸೆನ್ಸ್ ಎರಡಕ್ಕೂ ಬುಡ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಈ ಕಾರ್ಡ್‌ಗಳ ಡ್ರೈವರ್ ಚೆನ್ನಾಗಿ ಪಳಗಿದೆ. ನಿಮ್ಮ ಕಾರ್ಡ್ ಆಗಾಗ ಬಿದ್ದು ಏಳುತ್ತಿದ್ದು, ಲಾಗಿನಲ್ಲಿ ‘ವಾಚ್‌ಡಾಗ್ ಟೈಮ್‌ಔಟ್’ ಎಂದು ಬರುತ್ತಿದ್ದರೆ ಸೆಟ್ಟಿಂಗ್ ಜೊತೆ ಗುದ್ದಾಡಬೇಡಿ. ಕಾರ್ಡ್ ಬದಲಿಸಿ.

ಕಾರ್ಡೂ ಸರಿ, ಕೇಬಲ್ಲೂ ಸರಿ. ಆಗ ಡೌನ್‌ಲೋಡ್ ಹಾಕಿ ಪ್ರೊಸೆಸರ್ ನೋಡಿ. ಪಿಪಿಪಿಒಇ ಲೈನಿನಲ್ಲಿ ಬರುವ ಪ್ಯಾಕೆಟ್‌ಗಳ ಕೆಲಸ ಒಂದೇ ಕೋರ್ ಮೇಲೆ ಬೀಳುವುದುಂಟು. ಒಟ್ಟು ಬಳಕೆ 25% ಎಂದು ಕಂಡರೂ ನಾಲ್ಕರಲ್ಲಿ ಒಂದು ಕೋರ್ 100ಕ್ಕೆ ಮುಟ್ಟಿ ಕೂತಿರಬಹುದು. ಸುರಿಕಾಟಾದಂಥ ಪ್ಯಾಕೆಟ್ ತಪಾಸಣೆ ಆನ್ ಇದ್ದರೆ ಆಫ್ ಮಾಡಿ ಮತ್ತೆ ಅಳೆಯಿರಿ.

ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ

ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಗೂಗಲ್ ತೆರೆಯುತ್ತದೆ, ಬ್ಯಾಂಕಿನ ಪುಟ ಅರ್ಧಕ್ಕೆ ನಿಲ್ಲುತ್ತದೆ. ಚಿಕ್ಕದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ ಅಂದರೆ ಎಂಟಿಯು ಮೇಲೆ ಅನುಮಾನ ಪಡಿ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ ಅದು. ಈಥರ್‌ನೆಟ್‌ನಲ್ಲಿ 1500 ಬೈಟ್. ಪಿಪಿಪಿಒಇ ತನ್ನ ಹೆಡರ್‌ಗೆ 8 ಬೈಟ್ ತೆಗೆದುಕೊಳ್ಳುವುದರಿಂದ ಉಳಿಯುವುದು 1492.

ವಿಂಡೋಸ್ ಕಂಪ್ಯೂಟರಿನಿಂದ 1.1.1.1ಕ್ಕೆ ಪಿಂಗ್ ಮಾಡಿ. ಒಡೆಯಬೇಡ ಎನ್ನುವ ‘ಎಫ್’ ಆಯ್ಕೆ, ಗಾತ್ರ ಹೇಳುವ ‘ಎಲ್’ ಆಯ್ಕೆ, ಎರಡೂ ಹಾಕಿ. ಗಾತ್ರ 1472 ಕೊಟ್ಟು ನೋಡಿ, ಆಮೇಲೆ 1464. ಪಿಂಗ್‌ನ ಹೆಡರ್‌ಗಳಿಗೆ 28 ಬೈಟ್ ಬೇಕು, ಹಾಗಾಗಿ 1464 ಎಂದರೆ ಒಟ್ಟು 1492. 1472 ಹೋಗದೆ 1464 ಹೋದರೆ ಲೆಕ್ಕ ಸರಿಯಾಗಿ ಕೂತಿತು. ವ್ಯಾನ್ ಇಂಟರ್‌ಫೇಸಿನಲ್ಲಿ ಎಂಟಿಯು 1492 ಇದೆಯೇ ನೋಡಿ. ಆದರೂ ತೊಂದರೆ ಉಳಿದರೆ, ಟಿಸಿಪಿ ತುಂಡಿನ ಮಿತಿ ಎಂಎಸ್‌ಎಸ್ 1452ಕ್ಕೆ ಇಳಿಯುವಂತೆ ಮಾಡಿ. ಒಪಿಎನ್‌ಸೆನ್ಸ್‌ನ ಎಂಎಸ್‌ಎಸ್ ಜಾಗದಲ್ಲಿ ತುಂಬುವ ಮೊದಲು ಪಕ್ಕದ ಸಹಾಯ ಸಾಲು ಓದಿ. ಅದು ತಾನೇ 40 ಕಳೆಯುತ್ತದೆ ಎಂದಿದ್ದರೆ ಅಲ್ಲಿ 1492 ಎಂದೇ ಬರೆಯಬೇಕು.

ಸಿಡಿಲು, ಅದಲುಬದಲು ಪೋರ್ಟ್, ಕರೆಂಟ್ ಬಿಲ್

ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆ ಆದ ಮೇಲೆ ಒಂದು ಪೋರ್ಟ್ ಅರೆಜೀವ ಆಗಿರುವುದು ಮಲೆನಾಡಿನಲ್ಲಿ ಮಾಮೂಲು. ಲೈಟ್ ಹತ್ತುತ್ತದೆ, ನೆಟ್ ಮಾತ್ರ ಎಳೆದಾಡುತ್ತದೆ. ಓವರ್‌ವ್ಯೂ ಪುಟದಲ್ಲಿ ಎರರ್ ಲೆಕ್ಕ ನೋಡಿ. ಅದು ಸೊನ್ನೆ ಇರಬೇಕು. ನಿಮಿಷ ನಿಮಿಷಕ್ಕೂ ಏರುತ್ತಿದ್ದರೆ, ಕೇಬಲ್ ಬದಲಿಸಿದರೂ ಏರುತ್ತಿದ್ದರೆ, ಆ ಪೋರ್ಟ್ ಹೋಯಿತು. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬ ಧೈರ್ಯ ಬೇಡ. ಮೋಡೆಮ್‌ನ ಅಡಾಪ್ಟರ್, ಲ್ಯಾನ್ ಕೇಬಲ್ ಎರಡೂ ಲೋಹ. ಗುಡುಗು ಕೇಳಿದರೆ ಪ್ಲಗ್ ಕೀಳಿ.

ಪೋರ್ಟ್ ಹೋದಾಗ ಇನ್ನೊಂದು ಗೊಂದಲ ಬರುತ್ತದೆ. ಫ್ರೀಬಿಎಸ್‌ಡಿ ಕಾರ್ಡ್‌ಗಳಿಗೆ ಡ್ರೈವರಿನ ಹೆಸರು ಮತ್ತು ಸಿಕ್ಕ ಕ್ರಮದಲ್ಲಿ 0, 1, 2 ಎಂಬ ನಂಬರ್ ಕೊಡುತ್ತದೆ. 0 ಸತ್ತರೆ 1 ಇದ್ದದ್ದು 0 ಆಗಬಹುದು. ಆಗ ವ್ಯಾನ್ ಇರಬೇಕಾದ ಕಡೆ ಲ್ಯಾನ್ ಬಂದು ಕೂರುತ್ತದೆ. ಪರದೆ ಮುಂದೆ ಕೂತು ಒಂದು ಕೇಬಲ್ ಕಿತ್ತು ನೋಡಿ, ಯಾವ ಪೋರ್ಟಿನ ಲಿಂಕ್ ಹೋಯಿತು ಎಂದು ಅಲ್ಲೇ ಒಂದು ಸಾಲು ಬರುತ್ತದೆ. ಮೆನುವಿನ 1 ಒತ್ತಿ ಮತ್ತೆ ಹಂಚಿ. ಕಾರ್ಡಿನ ಹಿಂದೆ ಮಾರ್ಕರ್‌ನಿಂದ ‘ಹೊರಗೆ’, ‘ಒಳಗೆ’ ಎಂದು ಬರೆದಿಡಿ.

ಕಡಿಮೆ ಖರ್ಚು ಎಂದು ಪಿಸಿ ಬಳಸುತ್ತಿದ್ದೀರಿ, ಹಾಗಾಗಿ ಇದನ್ನೂ ಲೆಕ್ಕ ಹಾಕಿ. 40 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 200 ರೂಪಾಯಿ. 10 ವ್ಯಾಟಿನ ಮಿನಿ ಪಿಸಿ ಆದರೆ 7 ಯೂನಿಟ್ ಚಿಲ್ಲರೆ. ಹಳೇ ಪಿಸಿಯಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ತೆಗೆಯಿರಿ, ಡಿವಿಡಿ ಡ್ರೈವ್ ಕಳಚಿ, ಹಾರ್ಡ್ ಡಿಸ್ಕ್ ಬದಲು ಚಿಕ್ಕ ಎಸ್‌ಎಸ್‌ಡಿ ಹಾಕಿ. ಬಿಸಿ ಕಡಿಮೆ, ಸದ್ದು ಕಡಿಮೆ, ಯುಪಿಎಸ್ ಕೂಡ ಜಾಸ್ತಿ ಹೊತ್ತು ತಡೆಯುತ್ತದೆ.

ಇಷ್ಟೆಲ್ಲ ರಗಳೆಗೆ ಒಂದು ಡಬ್ಬಿ ರೌಟರ್ ತಂದರೆ ಆಗದೇ ಎಂದು ಶಾಲೆಯ ಒಬ್ಬ ಮೇಷ್ಟ್ರು ಕೇಳಿದರು. ಮನೆಯ ಐದಾರು ಫೋನುಗಳಿಗೆ ಅದೇ ಸಾಕು, ಅದನ್ನೇ ತನ್ನಿ. ಮೂವತ್ತು ಸಿಸ್ಟಂ ಒಟ್ಟಿಗೆ ಕೂತಾಗ, ಒಬ್ಬರ ಅಪ್‌ಲೋಡ್‌ನಿಂದ ಉಳಿದವರ ಕ್ಲಾಸ್ ನಿಲ್ಲಬಾರದು ಎಂದಾಗ, ಪಿಸಿಯ ಬೆಲೆ ಗೊತ್ತಾಗುತ್ತದೆ. ಮೊದಮೊದಲ ರೌಟರ್‌ಗಳೂ ಕಂಪ್ಯೂಟರ್‌ಗಳೇ. 1986ರಲ್ಲಿ ಅಮೆರಿಕದ ಸಂಶೋಧನಾ ಕೇಂದ್ರಗಳನ್ನು ಬೆಸೆದ ಎನ್‌ಎಸ್‌ಎಫ್‌ನೆಟ್ ಎಂಬ ಜಾಲದ ಮೊದಲ ಬೆನ್ನೆಲುಬು ಓಡಿದ್ದು ಆರು ಪಿಡಿಪಿ-11 ಎಂಬ ಮಿನಿ ಕಂಪ್ಯೂಟರ್‌ಗಳ ಮೇಲೆ, 56 ಕಿಲೋಬಿಟ್ ಲೈನಿನಲ್ಲಿ. ನಮ್ಮ ಶಾಲೆಯ ಮೂಲೆಯ ಪಿಸಿ ಆ ಕುಲದ್ದೇ.

ಕೊನೆಗೆ, ಡಿಸ್ಕೇ ಹೋದರೆ ಏನು ಮಾಡುವುದು? ಸೆಟ್ಟಿಂಗ್‌ಗಳೆಲ್ಲ ಒಂದೇ ಎಕ್ಸ್‌ಎಂಎಲ್ ಫೈಲಿನಲ್ಲಿ ಇರುತ್ತವೆ. ಸಿಸ್ಟಂ ಮೆನುವಿನ ಕಾನ್ಫಿಗರೇಷನ್, ಬ್ಯಾಕಪ್ಸ್ ಎಂಬಲ್ಲಿ ಅದನ್ನು ಡೌನ್‌ಲೋಡ್ ಮಾಡಬಹುದು. ಏನಾದರೂ ಬದಲಿಸುವ ಮೊದಲು ಒಂದು, ಬದಲಿಸಿ ಸರಿ ಹೋದ ಮೇಲೆ ಒಂದು ತೆಗೆದಿಡಿ. ಅದರಲ್ಲಿ ಪಾಸ್‌ವರ್ಡ್‌ಗಳೂ ಇರುತ್ತವೆ, ಕಂಡವರಿಗೆ ಕಳಿಸಬೇಡಿ. ಇವತ್ತು ಮಾಡಿದ ಬದಲಾವಣೆಯಿಂದಲೇ ಕೆಟ್ಟಿದ್ದರೆ ಪರದೆ ಮೆನುವಿನಲ್ಲಿ 13 ಒತ್ತಿ ಹಿಂದಿನ ಸ್ಥಿತಿಗೆ ಹೋಗಬಹುದು. ಆ ಶಾಲೆಯಲ್ಲಿ ಈಗ ಕ್ಯಾಬಿನೆಟ್ ಬಾಗಿಲಿನ ಒಳಗೆ ಒಂದು ಪೆನ್‌ಡ್ರೈವ್, ಒಂದು ಹೊಸ ಸಿಆರ್2032, ಬಯೋಸ್ ಸೆಟ್ಟಿಂಗ್ ಬರೆದ ಚೀಟಿ ಇಟ್ಟು ಟೇಪ್ ಹಚ್ಚಿದ್ದೇವೆ. ಚೀಟಿ ಬರೆದದ್ದು ಮೇಡಂ. ಮೊದಲ ಸಾಲು: "ಕರೆಂಟ್ ಹೋಗಿ ಬಂದಿದ್ದರೆ ಮೊದಲು ಡೇಟ್ ನೋಡಿ."